ಅಮ್ಮನ ಹಲ್ಲಿನ ವಾಚು

ನನ್ನಂಥ ಪಾಲಿಶ್ ಕೆಲಸಗಾರ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ನನ್ನ ಚಕ್ರದ ಮುಂದೆ ನಿಂತವರೆಲ್ಲ ಹೇಳುವ ಮಾತು. ಹೇಳದವರಿಗೆ ನಾನೇ ನೆನಪಿಸುತ್ತೇನೆ. ಮುಚ್ಚಿಹೋದ ಹೋಟೆಲುಗಳ ಚಮಚ, ತಟ್ಟೆ, ಟ್ರೇಗಳು ಮೂಟೆ ಮೂಟೆಯಾಗಿ ನಮ್ಮ ವರ್ಕ್‌ಶಾಪಿಗೆ ಬಂದು ಬೀಳುತ್ತವೆ. ಒಂದೊಂದರ ಬೆನ್ನಿನ ಮೇಲೂ ಹಳೆಯ ಹೋಟೆಲಿನ ಹೆಸರು, ನಂಬರು ಕೊರೆದಿರುತ್ತದೆ. ಆ ಹೆಸರಿದ್ದರೆ ಇನ್ನೊಬ್ಬ ಹೋಟೆಲಿನವನು ಕೊಳ್ಳುವುದಿಲ್ಲ. ಅದನ್ನು ಬಟ್ಟೆಯ ಚಕ್ರಕ್ಕೆ ಒತ್ತಿ ಅಳಿಸುವುದೇ ನನ್ನ ಕೆಲಸ. ನಾನು ಅಳಿಸಿದ ಚಮಚವನ್ನು ಅದರ ಹಳೆಯ ಮಾಲೀಕನ ಬಾಯಿಗೇ ಇಟ್ಟರೂ ಅವನಿಗೆ ಗುರುತು ಹತ್ತುವುದಿಲ್ಲ. ಹದಿನೆಂಟು ವರ್ಷಗಳಲ್ಲಿ ಇಂಥ ಚಮಚ ಎಷ್ಟು ಅಳಿಸಿದ್ದೇನೆಂದರೆ, ಸಾಲಾಗಿ ಇಟ್ಟರೆ ಚಂದ್ರಲೋಕಕ್ಕೆ ಹೋಗಿ, ಅಲ್ಲಿ ಊಟ ಮುಗಿಸಿ, ವಾಪಸ್ಸು ಬರಬಹುದು.

ನನ್ನ ವಿಷಯ ಸಾಕು, ಅಮ್ಮನ ವಿಷಯಕ್ಕೆ ಬರುತ್ತೇನೆ.

ನಮ್ಮಮ್ಮ ಒಂಬತ್ತು ವರ್ಷ ಒಬ್ಬ ಶ್ರೀಮಂತ ಮುದುಕರ ಆರೈಕೆ ಮಾಡಿದಳು. ಅವರು ಹಾಸಿಗೆ ಹಿಡಿದ ಮೇಲೆ ಅವರ ಮಕ್ಕಳು ಕೋಣೆಯ ಬಾಗಿಲವರೆಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು, ‘ಹೇಗಿದ್ದೀರಪ್ಪಾ’ ಎಂದು ಕೇಳಿ, ಉತ್ತರ ಬರುವುದರೊಳಗೆ ಮೆಟ್ಟಿಲಿಳಿದು ಕಾರು ಹತ್ತಿರುತ್ತಿದ್ದರಂತೆ. ಹೇಲು ಉಚ್ಚೆ ಬಳಿದವಳು ಅಮ್ಮ. ದಿನಾ ಬೆಳಿಗ್ಗೆ ಅವರ ಕೈಗಡಿಯಾರವನ್ನು ಒರೆಸಿ, ಕೀ ಕೊಟ್ಟು, ಕಡ್ಡಿಯಂಥ ಮಣಿಕಟ್ಟಿಗೆ ಕಟ್ಟುತ್ತಿದ್ದವಳೂ ಅವಳೇ. ಸಾಯುವ ಮುಂಚೆ ಆ ಯಜಮಾನರು ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡು, ಒಂದು ಕಾಗದಕ್ಕೆ ರುಜು ಹಾಕಿ, ವಾಚನ್ನು ಪೆಟ್ಟಿಗೆಯ ಸಮೇತ ಅಮ್ಮನ ಕೈಯಲ್ಲಿಟ್ಟರು. ಪೆಟ್ಟಿಗೆಯಲ್ಲಿ ಕಂಪನಿಯ ಕಾರ್ಡು, ಕಾರ್ಡಿನ ಮೇಲೆ ವಾಚಿನ ನಂಬರು. ಮಕ್ಕಳ ಮುಖ ಹರಳೆಣ್ಣೆ ಕುಡಿದಂತಾಯಿತಂತೆ.

ಇಂಥ ಅಮ್ಮನ ಬಾಯಲ್ಲಿ ಈಗ ಒಂದೇ ಒಂದು ಹಲ್ಲಿಲ್ಲ. ಎಂಟು ತಿಂಗಳ ಹಿಂದೆ ಹಲ್ಲಿನ ಡಾಕ್ಟರು ಕೆಟ್ಟವನ್ನೆಲ್ಲ ಕಿತ್ತು, ವಸಡು ಮಾಗಿದ ಮೇಲೆ ಸೆಟ್ಟು ಕೂರಿಸೋಣ ಎಂದಿದ್ದರು. ಅದಕ್ಕೆಂದು ಅವಳು ಕೂಡಿಟ್ಟ ಹಣದಲ್ಲಿ ತಮ್ಮನ ಬೈಕಿನ ಎಂಜಿನ್ ರಿಪೇರಿಯಾಯಿತು, ನಮ್ಮ ಬಚ್ಚಲಿಗೆ ಟೈಲ್ಸ್ ಬಂತು. ಬಚ್ಚಲು ಅರಮನೆಯಂತೆ ಹೊಳೆಯತೊಡಗಿತು, ಅಮ್ಮನ ವಸಡು ಇಳಿಯತೊಡಗಿತು. ಕಳೆದ ತಿಂಗಳು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: “ಬರೀ ಸೆಟ್ಟು ಇನ್ನು ನಿಲ್ಲಲ್ಲ ತಾಯಿ. ದವಡೆ ಮೂಳೆಗೆ ನಾಲ್ಕು ಸ್ಕ್ರೂ ಹಾಕಿ ಅದರ ಮೇಲೆ ಕೂರಿಸ್ಬೇಕು. ಒಂದೂವರೆ ಲಕ್ಷ ಆಗುತ್ತೆ. ಎರಡು ತಿಂಗಳ ಒಳಗೆ ಬನ್ನಿ. ಆಮೇಲೆ ಸ್ಕ್ರೂ ಹಿಡಿಯೋಕೆ ಮೂಳೆನೇ ಇರಲ್ಲ.”

ಅದಾದ ಭಾನುವಾರ ಅಮ್ಮ ಎಂದಿನಂತೆ ನಮಗೆಲ್ಲ ಕೋಳಿ ಹುರಿದಳು. ನಾನು, ನನ್ನ ಹೆಂಡತಿ, ಹದಿನಾರು ವರ್ಷದ ಮಗಳು, ಮನೆಮನೆಗೆ ಪಾರ್ಸೆಲ್ ಹಂಚುವ ನನ್ನ ತಮ್ಮ, ಜೊತೆಗೆ ತಂಗಿ. ತಂಗಿಯ ಮನೆ ಎರಡು ಬೀದಿ ಆಚೆ. ಆದರೆ ನಮ್ಮ ಕುಕ್ಕರು ಕೂಗಿದರೆ ಅವಳ ಬಾಗಿಲಿಗೆ ತಾನಾಗಿಯೇ ಬೀಗ ಬೀಳುತ್ತದೆ. ನಾವು ಮೂಳೆ ಕಡಿಯುವ ಸದ್ದಿಗೆ ಬೀದಿನಾಯಿಗಳು ನಾಚಿ ಜಾಗ ಖಾಲಿ ಮಾಡಿದವು. ಅಮ್ಮ ಬ್ರೆಡ್ಡನ್ನು ಹಾಲಿನಲ್ಲಿ ಕಿವುಚಿ, ಬಾಯಿಗೆ ಕೈ ಅಡ್ಡ ಹಿಡಿದು ನುಂಗುತ್ತಿದ್ದಳು. ತಿಂದಾದ ಮೇಲೆ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು.

“ಇದನ್ನ ಮಾರಿ ಹಲ್ಲು ಹಾಕಿಸ್ಕೋತೀನಿ.”

“ಎಲ್ಲಿ ಮಾರ್ತೀಯಾ?” ಎಂದ ತಮ್ಮ. ಮಾತಿಗೆ ಮಾತು ಜಡಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಹಾಗಾಗಿ ಮನೆಯಲ್ಲಿ ಅವನಿಗೆ ‘ಲಾಯರು’ ಎಂದೇ ಹೆಸರು.

“ಎಲ್ಲಿ ಕೊಳ್ತಾರೋ ಅಲ್ಲಿ.”

“ಅಲ್ಲೇ ನೀನು ಎಡವೋದು! ಇಂಥ ವಾಚು ಮಾರೋದು ಅಂದ್ರೆ ಸೊಪ್ಪು ಮಾರಿದ ಹಾಗಾ? ಅದಕ್ಕೆ ಒಂದು ಲೆಕ್ಕಾಚಾರ ಇದೆ.”

“ನಮ್ಮನೆಯೋರಿಗೆ ಗೊತ್ತಿರೋ ದೊಡ್ಡ ಶೋರೂಂ ಇದೆ,” ಎಂದಳು ತಂಗಿ, ಎಲುಬಿನ ತೂತಿಗೆ ಬಾಯಿಟ್ಟು ಸುರ್ರೆಂದು ಎಳೆಯುತ್ತ.

“ಮೊದಲು ಕೈ ತೊಳ್ಕೊಳ್ಳಿ ಎಲ್ರೂ,” ಎಂದಳು ನನ್ನ ಮಗಳು. ಯಾರೂ ತೊಳೆಯಲಿಲ್ಲ. ಅದೇ ಜಿಡ್ಡುಗೈಗಳಲ್ಲಿ ವಾಚು ಮೇಜನ್ನು ಒಂದು ಸುತ್ತು ಹಾಕಿತು.

ಮೊದಲ ವಾರವೇ ಅಮ್ಮ, ನಾನು, ಲಾಯರು ಮೂವರೂ ಹೋಗಿ ಬಂದೆವು. ಬ್ಯಾಂಕಿನ ಮೇಲಿನ ಮಹಡಿಯಲ್ಲಿ ಹಳೆ ವಾಚು ಕೊಂಡು ಮಾರುವ ಒಂದು ಅಂಗಡಿ. ದಪ್ಪ ಕನ್ನಡಕದ ಹೆಂಗಸೊಬ್ಬರು ವಾಚನ್ನು ತಿರುವಿ, ಭೂತಗನ್ನಡಿಯಲ್ಲಿ ಬೆನ್ನಿನ ನಂಬರು ನೋಡಿ, ಕಾರ್ಡಿನ ನಂಬರಿಗೆ ತಾಳೆ ಹಾಕಿ, ಕಾಗದ ಓದಿದರು.

“ಎರಡು ಲಕ್ಷ ಎಂಬತ್ತು ಸಾವಿರ. ಬೇಕಾದ್ರೆ ಇವತ್ತೇ.”

ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಕೆಳಗಿನ ಬ್ಯಾಂಕಿನ ಅಲಾರಾಂ ಕೂಗಬೇಕಿತ್ತು. ಅಮ್ಮ ಆಗಲೇ ಎದ್ದು ನಿಂತಿದ್ದಳು. ಲಾಯರು ಅವಳ ತೋಳು ಹಿಡಿದು ಕೂರಿಸಿದ.

“ಯೋಚನೆ ಮಾಡಿ ಹೇಳ್ತೀವಿ ಮೇಡಂ.”

“ಮಾಡಿ. ಒಂದು ತಿಂಗಳು ಇದೇ ರೇಟು ಕೊಡ್ತೀನಿ. ಆದ್ರೆ ತರೋವಾಗ ಹೀಗೇ ತನ್ನಿ. ಗೀರು ಇದ್ರೂ ಪರವಾಗಿಲ್ಲ, ಉಜ್ಜೋಕೆ ಹೋಗ್ಬೇಡಿ.”

ಉಜ್ಜಬೇಡಿ ಎನ್ನುವ ಆ ಕೊನೆಯ ಮಾತು ಬರುವಷ್ಟರಲ್ಲಿ ನಾನೂ ಲಾಯರೂ ಬಾಗಿಲ ಹೊರಗೆ ಹೋಗಿ ನಿಂತು ಪಿಸುಗುಟ್ಟುತ್ತಿದ್ದೆವು. ಕೇಳಿಸಿಕೊಂಡವಳು ಅಮ್ಮ.

“ಬಾಯಿಗೆ ಬಂದ ತಕ್ಷಣ ರೇಟು ಹೇಳಿದ್ಳಲ್ಲಾ ಅಣ್ಣ, ಅಂದ್ರೆ ಐದು ಲಕ್ಷ ಬಾಳುತ್ತೆ ಅದು,” ಎಂದ ಲಾಯರು.

“ಐದಾ? ಆರು!” ಎಂದೆ ನಾನು. ಯಾರಾದರೂ ಐದು ಎಂದರೆ ಆರು ಎನ್ನದೆ ಬಿಡುವ ನಾಲಿಗೆ ನನಗೆ ದೇವರು ಕೊಟ್ಟಿಲ್ಲ.

“ನನಗೆ ಅವರು ಹೇಳಿದ್ದೇ ಹೆಚ್ಚಾಯ್ತು ಕಣ್ರೋ,” ಎಂದಳು ಅಮ್ಮ. “ಆಮೇಲೆ ಅದನ್ನ ಉಜ್ಜಬೇಡಿ ಅಂತಾನೂ ಹೇಳಿದ್ರು.”

ನಮ್ಮ ಮನೆಯಲ್ಲಿ ಅಮ್ಮನ ಮಾತೆಂದರೆ ಫ್ಯಾನಿನ ಸದ್ದು. ತಿರುಗುತ್ತಿದೆ ಎಂದು ಗೊತ್ತಿರುತ್ತದೆ, ಕಿವಿಗೆ ಬೀಳುವುದಿಲ್ಲ.

ಎರಡನೆಯ ವಾರ ವಾಚು ಮೊಬೈಲಿನಲ್ಲಿ ಮಾರಾಟಕ್ಕೇರಿತು. ಲಾಯರು ಅದನ್ನು ನನ್ನ ಹೆಂಡತಿಯ ಹೊಸ ಟವೆಲಿನ ಮೇಲಿಟ್ಟು ಮುಂಭಾಗದ ನಲವತ್ತು ಫೋಟೊ ತೆಗೆದ.

“ಹಿಂದುಗಡೆನೂ ತೆಗಿ ಚಿಕ್ಕಪ್ಪ,” ಎಂದಳು ಮಗಳು.

“ಬೆನ್ನು ಯಾರೇ ನೋಡ್ತಾರೆ? ಮದುವೆ ಹೆಣ್ಣಿಂದೂ ಮುಖಾನೇ ನೋಡೋದು.”

ಬೆಲೆ ಆರು ಲಕ್ಷ ಹಾಕಿದ. ಮೂರು ದಿನದಲ್ಲಿ ನಾನೂರು ಜನ ಬರೆದರು. ಸರಿ, ಹದಿನಾಲ್ಕು ಜನ. ಒಬ್ಬ ಅರ್ಧ ಬೆಲೆಗೆ ಕೇಳಿ, ಉಳಿದರ್ಧಕ್ಕೆ ಹಳೆ ಫ್ರಿಜ್ ಕೊಡುತ್ತೇನೆಂದ. ಇನ್ನೊಬ್ಬ ಸೇತುವೆ ಕೆಳಗೆ ಒಬ್ಬನೇ ಬಾ ಎಂದ. ಮತ್ತೊಬ್ಬ ವಾಚಿನ ಸುದ್ದಿಯನ್ನೇ ಎತ್ತದೆ, ಟವೆಲು ಎಲ್ಲಿ ಸಿಗುತ್ತದೆ ಎಂದು ಕೇಳಿದ.

ಅಷ್ಟರಲ್ಲಿ ಬಾರದ ಹಣಕ್ಕೆ ಬಾಯಿಗಳು ಹುಟ್ಟಿಕೊಂಡವು. ತಂಗಿ ಕರೆಂಟ್ ಬಿಲ್ಲಿನ ಹಿಂದೆ ಪಟ್ಟಿ ಬರೆದಳು.

“ಅಮ್ಮಂಗೆ ಒಂದೂವರೆ ಹೋದ್ರೆ ಉಳಿಯೋದು ನಾಲ್ಕೂವರೆ. ಮೂರು ಪಾಲು. ನಂದು ವಾಷಿಂಗ್ ಮೆಷಿನ್ನಿಗೆ.”

“ನಿನಗೆ ಯಾಕೆ ಪಾಲು? ನೀನು ಕೊಟ್ಟ ಹೆಣ್ಣು,” ಎಂದ ಲಾಯರು.

“ಕೊಟ್ಟ ಹೆಣ್ಣಿಗೆ ಹೊಟ್ಟೆ ಇಲ್ವೇನೋ?”

“ಇದೆ ಇದೆ, ಪ್ರತಿ ಭಾನುವಾರ ನೋಡ್ತಾ ಇದೀವಲ್ಲ.”

“ಅತ್ತಿಗೆ, ನೋಡಿ ನಿಮ್ಮ ಮೈದುನ ಹೇಗೆ ಮಾತಾಡ್ತಾನೆ!”

“ನನ್ನ ಕೇಳ್ಬೇಡಿ,” ಎಂದಳು ನನ್ನ ಹೆಂಡತಿ ತರಕಾರಿ ಹೆಚ್ಚುತ್ತ. “ನಾನು ಈ ಮನೆ ಪಾತ್ರೆ ತೊಳೆಯೋಳು. ಅಂದಹಾಗೆ, ಗೋಡೆಗೆ ಸುಣ್ಣ ಕಂಡು ಆರು ವರ್ಷ ಆಯ್ತು.”

ಅಮ್ಮ ಮೂಲೆಯಲ್ಲಿ ಕೂತು ಲಾಯರಿನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಮಗಳು ಎದ್ದು, ಆ ಬಿಲ್ಲನ್ನು ನಾಲ್ಕಾಗಿ ಮಡಿಸಿ ಕಸದ ಡಬ್ಬಿಗೆ ಹಾಕಿದಳು. ತಂಗಿ ಕಸದ ಡಬ್ಬಿಗೆ ಕೈಹಾಕಿ, ಮೊಟ್ಟೆಸಿಪ್ಪೆ ಕೊಡವಿ, ಅದನ್ನು ಮತ್ತೆ ತೆಗೆದುಕೊಂಡಳು. ನಾನು ಕಣ್ಣಾರೆ ಕಂಡದ್ದು, ಇದರಲ್ಲಿ ಒಂದು ಗುಲಗಂಜಿಯಷ್ಟೂ ಉತ್ಪ್ರೇಕ್ಷೆಯಿಲ್ಲ.

ಆ ಶನಿವಾರ ಲಾಯರು ಗೆಳೆಯನ ಔತಣಕ್ಕೆ ವಾಚು ಕಟ್ಟಿಕೊಂಡು ಹೋದ. ವಾಪಸ್ಸು ಬಂದಾಗ ಪಟ್ಟಿಯ ಕೊಂಡಿ ಕೊಂಡಿಗೂ ಮಾಂಸದ ಗೊಜ್ಜು ಒಣಗಿ ಕೂತಿತ್ತು. ಅಮ್ಮ ಹಲ್ಲುಜ್ಜುವ ತನ್ನ ಹಳೆ ಬ್ರಷ್ಷಿನಿಂದ, ಹೇಗೂ ಅದಕ್ಕೆ ಈಗ ಬೇರೆ ಕೆಲಸವಿರಲಿಲ್ಲ, ಒಂದೊಂದೇ ಸಂದಿಯನ್ನು ಮೆಲ್ಲಗೆ ಬಿಡಿಸಿದಳು.

“ಇನ್ನೂ ಎಷ್ಟು ದಿನ ಕಣೋ?” ಎಂದು ನನ್ನನ್ನು ಕೇಳಿದಳು. “ಡಾಕ್ಟ್ರು ಹೇಳಿದ್ದು ಎರಡೇ ತಿಂಗಳು.”

“ಆರು ಲಕ್ಷಕ್ಕೆ ಒಂದು ಪೈಸೆ ಕಮ್ಮಿ ಆದ್ರೆ ನನ್ನ ಮೀಸೆ ಬೋಳಿಸ್ತೀನಮ್ಮ,” ಎಂದೆ.

ಮೂರನೆಯ ವಾರ ತಂಗಿ ಹೇಳಿದ ಶೋರೂಮಿಗೆ ನಾನು ಹೋದೆ. ಅಲ್ಲಿ ಎಸಿ ಎಷ್ಟು ತಣ್ಣಗಿತ್ತೆಂದರೆ ನನ್ನ ಬೆವರು ಆಲಿಕಲ್ಲಾಗಿ ನೆಲಕ್ಕೆ ಬಿತ್ತು. ಬಿಳಿ ಕೈಗವಸಿನ ಒಬ್ಬ ಮನುಷ್ಯ ವಾಚನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದ. ದುಡ್ಡು ಕೊಡುವುದಿಲ್ಲ, ಹೊಸ ವಾಚು ಕೊಂಡರೆ ಅದರ ಬೆಲೆಯಲ್ಲಿ ವಜಾ ಮಾಡಿಕೊಳ್ಳುತ್ತೇವೆ ಎಂದ. ಇಲ್ಲವಾದರೆ ಇಲ್ಲೇ ಇಟ್ಟುಹೋಗಿ, ಗಿರಾಕಿ ಸಿಕ್ಕರೆ ಐದರಲ್ಲಿ ಒಂದು ಪಾಲು ಅಂಗಡಿಗೆ. ಮೂರು ತಿಂಗಳೂ ಆಗಬಹುದು, ಆರೂ ಆಗಬಹುದು. ಆಮೇಲೆ ಮೂಗಿನ ಹತ್ತಿರ ತಂದು, ದೂರ ಒಯ್ದು, ಹೇಳಿದ:

“ಸ್ವಲ್ಪ ಕೊಳಕಾಗಿದೆ, ಅಲ್ವಾ?”

ಕೊಳಕು! ಯಾರಿಗೆ ಹೇಳುತ್ತಿದ್ದಾನೆ? ಚಂದ್ರಲೋಕದವರೆಗೆ ಚಮಚ ಬೆಳಗಿದವನಿಗೆ! ವಾಚನ್ನು ಕಿತ್ತುಕೊಂಡವನು ಮನೆಗೆ ಬರಲಿಲ್ಲ, ನೇರ ವರ್ಕ್‌ಶಾಪಿಗೆ ಹೋದೆ. ಪಟ್ಟಿ ಬಿಚ್ಚಿದೆ, ಗಾಜಿಗೆ ಟೇಪು ಅಂಟಿಸಿದೆ, ಮೆತ್ತನೆಯ ಬಟ್ಟೆಯ ಚಕ್ರ ಹಾಕಿ, ಬಿಳಿ ಪಾಲಿಶ್ ಗಟ್ಟಿ ಹಚ್ಚಿದೆ. ಅಂಚು ಹೊಳೆಯಿತು, ಪಟ್ಟಿ ಸಿಕ್ಕಿಸುವ ಕಿವಿ ಹೊಳೆಯಿತು. ಆಮೇಲೆ ಬೆನ್ನು ತಿರುಗಿಸಿದೆ. ಬೆನ್ನಿನ ಮೇಲೆ ಕೊರೆದ ಸಣ್ಣ ಸಣ್ಣ ಅಂಕೆಗಳು. ಹದಿನೆಂಟು ವರ್ಷ ದಿನಕ್ಕೆ ಮುನ್ನೂರು ಬೆನ್ನು ನೋಡಿದ ಕೈ ನನ್ನದು. ಬೆನ್ನಿನ ಮೇಲೆ ಕೊರೆದದ್ದು ಕಂಡರೆ ಆ ಕೈ ನನ್ನನ್ನು ಕೇಳುವುದಿಲ್ಲ. ಚಕ್ರಕ್ಕೆ ಒತ್ತಿತು. ಒಂದು ನಿಮಿಷವೂ ಆಗಲಿಲ್ಲ. ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳುವಷ್ಟು ನುಣುಪು.

ಮನೆಯಲ್ಲಿ ಜಯಘೋಷವಾಯಿತು.

“ಅಣ್ಣ, ನೀನು ಮನುಷ್ಯ ಅಲ್ಲ ಕಣೋ!” ಎಂದ ಲಾಯರು. “ಎಂಟು ಲಕ್ಷ ಕಣ್ಮುಚ್ಕೊಂಡು ಕೊಡ್ತಾರೆ.”

“ಹಾಗಾದ್ರೆ ಬಟ್ಟೆ ಒಣಗಿಸೋ ಮೆಷಿನ್ನೂ ಬರುತ್ತೆ,” ಎಂದಳು ತಂಗಿ.

ಅಮ್ಮ ಕೈ ಒರೆಸಿಕೊಂಡು ಬಂದು ವಾಚು ತೆಗೆದುಕೊಂಡಳು. ಅವಳು ಅದರ ಮುಖ ನೋಡಲಿಲ್ಲ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಒರೆಸಿದ ಅಭ್ಯಾಸ. ಹೆಬ್ಬೆರಳು ತಾನಾಗಿಯೇ ಬೆನ್ನಿಗೆ ಹೋಯಿತು. ಒಮ್ಮೆ ಸವರಿದಳು. ಮತ್ತೊಮ್ಮೆ ಸವರಿದಳು.

“ಇಲ್ಲಿ ನಂಬರಿತ್ತಲ್ಲೋ.”

ಕುಕ್ಕರು ಕೂಗಿತು. ಆರಿಸಲು ಯಾರೂ ಏಳಲಿಲ್ಲ.

“ನಂಬರು ಹೋದ್ರೆ ಏನಂತೆ, ಕಾರ್ಡಿನ ಮೇಲೆ ಇದೆಯಲ್ಲ,” ಎಂದೆ ನಾನು.

“ಕಾರ್ಡಿನ ಮೇಲಿರೋದು ಇದರದ್ದೇ ಅಂತ ಹೇಳೋಕೆ ಇಲ್ಲೂ ಇರ್ಬೇಕಲ್ಲಪ್ಪ,” ಎಂದಳು ಮಗಳು. ಆಮೇಲೆ ನನ್ನ ಕಡೆ ನೋಡಿದಳು. ಆ ಶೋರೂಮಿನವನು ವಾಚನ್ನು ನೋಡಿದ ಹಾಗೆಯೇ ನೋಡಿದಳು.

ನಾಲ್ಕನೆಯ ವಾರ ಮತ್ತೆ ಬ್ಯಾಂಕಿನ ಮೇಲಿನ ಮಹಡಿ ಹತ್ತಿದೆವು, ನಾನು ಮತ್ತು ಅಮ್ಮ. ಲಾಯರಿಗೆ ಅವತ್ತೇ ಹೊಟ್ಟೆನೋವು. ಕನ್ನಡಕದ ಮೇಡಂ ಅಮ್ಮನನ್ನು ಗುರುತು ಹಿಡಿದು ಕುರ್ಚಿ ಎಳೆದುಕೊಟ್ಟು, ನೀರು ತರಿಸಿದರು. ಆಮೇಲೆ ವಾಚು ತಿರುವಿದರು. ಭೂತಗನ್ನಡಿ ಕೆಳಗಿಟ್ಟರು.

“ಇದು ಯಾರು ಮಾಡಿದ್ದು?”

ನನ್ನ ಕೆಲಸದ ಬಗ್ಗೆ ಯಾರಾದರೂ ಹೀಗೆ ಕೇಳಲಿ ಎಂದು ಹದಿನೆಂಟು ವರ್ಷ ಕಾದಿದ್ದೇನೆ. ಯಾರೂ ಕೇಳದಿದ್ದರೂ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಸಾವಿನ ಮನೆಯಲ್ಲಿ ಕೂಡ ಹೇಳಿದ್ದೇನೆ. ಅವತ್ತು ಮಾತ್ರ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದೆ.

“ನಮ್ಮ ವ್ಯಾಪಾರದಲ್ಲಿ,” ಎಂದರು ಅವರು, ಈಗ ಅವರ ದನಿ ತಣ್ಣಗಾಗಿತ್ತು, “ನಂಬರು ಅಳಿಸಿದ ವಾಚು ಎಲ್ಲಿಂದ ಬರುತ್ತೆ ಅಂತ ಎಲ್ರಿಗೂ ಗೊತ್ತು. ಹೋದ ಸಲ ತಂದಿದ್ದೇ ಇದು ಅಂತ ನಾನು ಹೇಗೆ ನಂಬಲಿ? ಅದನ್ನ ಬೇರೆಲ್ಲೋ ಮಾರಿ, ಕಾರ್ಡು ಇಟ್ಕೊಂಡು, ಕದ್ದಿದ್ದನ್ನ ತಂದಿದ್ರೆ?”

“ಕದ್ದಿದ್ದಲ್ಲಮ್ಮ,” ಎಂದಳು ಅಮ್ಮ. ಅಡ್ಡ ಹಿಡಿದ ಕೈ ಬಾಯಿಂದ ಜಾರಿತ್ತು. “ಯಜಮಾನ್ರು ಕೊಟ್ಟಿದ್ದು.”

“ಹಾಗಾದ್ರೆ ಅಳಿಸಿದ್ದು ಯಾರು?”

ಅಮ್ಮ ನನ್ನ ಕಡೆ ನೋಡಿದಳು. ಗೋಡೆಯ ಮೇಲೆ ಇಪ್ಪತ್ತು ಗಡಿಯಾರಗಳಿದ್ದವು. ಇಪ್ಪತ್ತೂ ಒಟ್ಟಿಗೆ ಟಿಕ್ ಟಿಕ್ ಎನ್ನುತ್ತಿದ್ದವು. ಅಮ್ಮ ಕಾದಳು. ಎಷ್ಟು ಹೊತ್ತು ಎಂದು ಆ ಇಪ್ಪತ್ತು ಗಡಿಯಾರಗಳನ್ನೇ ಕೇಳಿ. ಆಮೇಲೆ ಅವಳೇ ಹೇಳಿದಳು:

“ನಾನೇ ಉಜ್ಜಿದೆ. ಗೊಜ್ಜು ಮೆತ್ತಿತ್ತು ಅಂತ.”

ಮೇಡಂ ಗಾಜಿನ ಮೇಜಿನ ಮೇಲೆ ಹರಡಿದ್ದ ತಮ್ಮ ಬೇರೆ ವಾಚುಗಳನ್ನು ಒಂದೊಂದಾಗಿ ತಮ್ಮ ಕಡೆಗೆ ಎಳೆದುಕೊಂಡರು, ಅಮ್ಮನ ಕೈಗೆ ಎಟುಕದ ಹಾಗೆ.

ಇನ್ನೂ ಮೂರು ಅಂಗಡಿ ಹತ್ತಿ ಇಳಿದೆವು. ಎಲ್ಲ ಕಡೆಯೂ ವಾಚಿನ ಬೆನ್ನು ತಿರುವಿ, ಮುಖ ತಿರುಗಿಸಿದರು. ಒಬ್ಬ ಪೊಲೀಸರಿಗೆ ಫೋನ್ ಮಾಡಲೇ ಎಂದ. ಕೊನೆಗೆ ಉಳಿದದ್ದು ಹಳೆ ಬಸ್ ನಿಲ್ದಾಣದ ಹಿಂದಿನ ಓಣಿ. ಉಚ್ಚೆಯ ವಾಸನೆಗೆ ಅಲ್ಲಿ ನೊಣಗಳೂ ಮೂಗು ಮುಚ್ಚಿಕೊಂಡು ಹಾರುತ್ತವೆ. ಒಂದು ಮೊಬೈಲ್ ರಿಪೇರಿ ಗೂಡಂಗಡಿ. ಅದರೊಳಗಿದ್ದವನ ಕಿರುಬೆರಳಿನ ಉಗುರು ಬೆಳೆದು ಹಳದಿಯಾಗಿ ಸೌಟಿನಂತೆ ಬಾಗಿತ್ತು. ಅವನು ಕಾರ್ಡು ಕೇಳಲಿಲ್ಲ, ಕಾಗದ ಕೇಳಲಿಲ್ಲ. ವಾಚಿನ ಮೇಲೆ ಹಾ ಎಂದು ಉಸಿರು ಬಿಟ್ಟು, ಬನಿಯನ್ನಿಗೆ ಒರೆಸಿ, ಬೆನ್ನನ್ನು ಬೆಳಕಿಗೆ ಹಿಡಿದು ಸೀಟಿ ಹೊಡೆದ.

“ಅರೆರೆ! ಬೇರೆಯವರು ತಂದ್ರೆ ಹೆರೆದ ಗುರುತಿರುತ್ತೆ, ತಗ್ಗು ಬಿದ್ದಿರುತ್ತೆ. ಇದು ಹುಟ್ಟಿದಾಗಲೇ ನಂಬರಿರಲಿಲ್ಲವೇನೋ ಅನ್ನೋ ಹಾಗಿದೆ. ಗುರುವೇ, ಯಾರ ಕೈ ಇದು?”

“ನಂದೇ,” ಎಂದೆ.

ಬಾಯಿಂದ ಹಾರಿಹೋಗಿತ್ತು. ಎದೆಯೂ ಒಂದಿಷ್ಟು ಮುಂದೆ ಬಂದಿತ್ತು. ಅಷ್ಟೇ ಸಾಲದು ಎಂದು, “ಹದಿನೆಂಟು ವರ್ಷದ ಕೈ,” ಎಂದೂ ಸೇರಿಸಿದೆ.

ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು.

ಅವನು ನಲವತ್ತು ಸಾವಿರ ಎಣಿಸಿದ, ಎಂಜಲು ಹಚ್ಚಿ ಹಚ್ಚಿ. “ಇಂಥವು ತಿಂಗಳಿಗೆ ಐದಾರು ಬರ್ತಾವೆ. ಅಳಿಸಿಕೊಟ್ರೆ ಒಂದಕ್ಕೆ ಎರಡು ಸಾವಿರ. ಯೋಚನೆ ಮಾಡು,” ಎಂದು ನನ್ನ ಕೈ ಕುಲುಕಿದ. ಆ ಉಗುರು ನನ್ನ ಅಂಗೈಗೆ ಗೀರಿತು. ನನ್ನ ಇಡೀ ಜನ್ಮದಲ್ಲಿ ನನ್ನ ಕೆಲಸವನ್ನು ನಾನು ಕೇಳದೆ ತಾನಾಗಿಯೇ ಹೊಗಳಿದವನು ಅವನೊಬ್ಬನೇ. ಓಣಿಯ ತುದಿಯ ನಲ್ಲಿಯಲ್ಲಿ ಕೈಯನ್ನು ಮೂರು ಸಲ ತೊಳೆದೆ. ಮೂರೇ ಸಲ; ಇದನ್ನು ಮುನ್ನೂರು ಮಾಡಲು ನನಗೆ ಮನಸ್ಸಿಲ್ಲ.

ಅಮ್ಮ ಹಣವನ್ನು ಚೀಲದೊಳಗೆ ಹಾಕಿಕೊಂಡಳು. ಬಸ್ಸಿಗೆ ಕಾಯುವಾಗ ಮಾತ್ರ ಬಾಯಿ ಬಿಟ್ಟಳು.

“ಆ ಮಾತು ಅಲ್ಲಿ ಹೇಳ್ಬೇಕಿತ್ತು ಕಣೋ.”

ಮರುದಿನ ಅಮ್ಮ ಒಬ್ಬಳೇ ಡಾಕ್ಟರ ಹತ್ತಿರ ಹೋಗಿ, ನಲವತ್ತು ಸಾವಿರಕ್ಕೆ ಒಂದೇ ಒಂದು ಸ್ಕ್ರೂ ಹಾಕಿಸಿಕೊಂಡು, ಕೆನ್ನೆ ಊದಿಸಿಕೊಂಡು ಬಂದಳು. ಉಳಿದ ಮೂರಕ್ಕೆ ಒಂದು ಲಕ್ಷ ಹತ್ತು ಸಾವಿರ. ಗಡುವಿಗೆ ಉಳಿದದ್ದು ಇಪ್ಪತ್ತಾರು ದಿನ. ಒಂದೇ ಸ್ಕ್ರೂವಿನ ಮೇಲೆ ಯಾವ ಹಲ್ಲೂ ಕೂರುವುದಿಲ್ಲ.

ಭಾನುವಾರ ಬಂತು. ಕುಕ್ಕರು ಕೂಗಿತು. ತಂಗಿ ಬಂದಳು, ಲಾಯರಿನ ಹೊಟ್ಟೆನೋವು ವಾಸಿಯಾಗಿತ್ತು. ಎಲ್ಲರೂ ತಟ್ಟೆ ಹಾಕಿಕೊಂಡು ಕೂತೆವು. ಅಮ್ಮ ಒಂದು ದೊಡ್ಡ ಪಾತ್ರೆ ತಂದು ಮಧ್ಯದಲ್ಲಿಟ್ಟಳು. ಒಳಗೆ ಹಾಲಿನಲ್ಲಿ ಕಿವುಚಿದ ಬ್ರೆಡ್ಡು. ಬೆಳ್ಳಗೆ, ಲೋಳೆ ಲೋಳೆಯಾಗಿ, ಯಾರೋ ಒಮ್ಮೆ ತಿಂದು ಉಗುಳಿದ ಹಾಗೆ.

“ಏನಮ್ಮ ಇದು? ಕೋಳಿ ಎಲ್ಲಿ?” ಎಂದ ಲಾಯರು.

“ನನಗೆ ನಾಲ್ಕೂ ಸ್ಕ್ರೂ ಬರೋವರೆಗೂ ಈ ಮನೇಲಿ ಎಲ್ರಿಗೂ ಇದೇ. ಕೋಳಿ ದುಡ್ಡು, ಮೊಟ್ಟೆ ದುಡ್ಡು ಇನ್ಮೇಲೆ ಸೊಸೆ ಕೈಲಿರುತ್ತೆ, ಡಾಕ್ಟ್ರಿಗೆ.”

“ಇದನ್ನ ಹೇಗಮ್ಮ ನುಂಗೋದು!” ಎಂದಳು ತಂಗಿ.

“ಕೈ ಅಡ್ಡ ಹಿಡ್ಕೊಂಡು,” ಎಂದಳು ಅಮ್ಮ. “ಎಂಟು ತಿಂಗಳಿಂದ ನಿಮ್ಮೆದುರಿಗೇ ನುಂಗ್ತಾ ಇದ್ದೆನಲ್ಲ, ನೋಡಿ ಕಲೀಲಿಲ್ವಾ?”

ನನ್ನ ಹೆಂಡತಿ ತನ್ನ ತಟ್ಟೆಗೆ ಬಡಿಸಿಕೊಂಡಳು. ಮಗಳೂ ಬಡಿಸಿಕೊಂಡಳು. ಆಮೇಲೆ ಅಮ್ಮ ಒಂದು ಸೌಟು ನನ್ನ ತಟ್ಟೆಗೆ ಹಾಕಿ ಎದುರಿಗೇ ನಿಂತಳು. ಯಾವ ಊಟಕ್ಕೂ ಹತ್ತು ಮಾತು ಹೊಗಳಿಕೆ, ಇಪ್ಪತ್ತು ಮಾತು ಒಗ್ಗರಣೆ ಹಾಕುವ ಮಗ ನಾನು. ಚಮಚ ಎತ್ತಿದೆ. ನಾನೇ ಬೆಳಗಿ ತಂದ ಚಮಚ. ಯಾರ ಮನೆಯದೆಂದು ಹೇಳಲು ಅದರ ಬೆನ್ನಿನ ಮೇಲೆ ಒಂದಕ್ಷರವೂ ಇರಲಿಲ್ಲ. ಬಾಯಿಗಿಟ್ಟೆ. ಬೆಚ್ಚಗಿನ ಲೋಳೆ ಗಂಟಲಲ್ಲಿ ಜಾರಿತು.

“ಹೇಗಿದೆ?” ಎಂದಳು ಅಮ್ಮ.

“ಹೇಸಿಗೆ,” ಎಂದೆ.

ಅವಳು ಸೌಟು ತುಂಬಿ ಇನ್ನೊಂದು ಸಲ ಹಾಕಿದಳು.